ಉರಿಗೊಂದು ಸಾಕ್ಷಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಇರುವವರು ಇಬ್ಬರೇ, ಅವ್ವ ಮತ್ತು ಮಗಳು ನಾನು. ಇಬ್ಬರಿಗೂ ಆ ಎರಡು ವಿದ್ಯೆಗಳಲ್ಲಿ ಒಂದೂ ಬರುವುದಿಲ್ಲ. ಹಾಗಾಗಿ ನನಗೆ ಎದೆಯುರಿ ಶುರುವಾದ ವರ್ಷ ತೆಲುಗು ಸೀಮೆಯ ಮಲ್ಕಾಜ್‌ಗಿರಿಯ ನಮ್ಮ ಫ್ಲ್ಯಾಟಿನಲ್ಲಿ ರೋಗಕ್ಕಿಂತ ಜಗಳವೇ ಹೆಚ್ಚಾಗಿತ್ತು.

ಅದು ಮೊದಲು ಬಂದದ್ದು ಆಫೀಸಿನಲ್ಲಿ. ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿ ನನ್ನ ಕೆಲಸ. ಮಧ್ಯಾಹ್ನ ಡಬ್ಬಿ ಮುಗಿಸಿ ಬಂದು ಕೂತು, ಕೆಳಗಿನ ಖಾನೆಯಿಂದ ಫೈಲು ತೆಗೆಯಲು ಬಗ್ಗಿದೆ. ಎದೆಯ ನಟ್ಟನಡುವೆ ಕೆಂಡ ಇಟ್ಟ ಹಾಗಾಯಿತು. ಅದು ಮೆಲ್ಲಗೆ ಗಂಟಲಿಗೆ ಏರಿತು, ಬಾಯಲ್ಲಿ ಹುಳಿನೀರು ಬಂತು. ನೀರು ಕುಡಿದೆ, ಎದ್ದು ನಿಂತೆ, ವರಾಂಡದಲ್ಲಿ ಓಡಾಡಿದೆ. ಸಂಜೆಯ ಹೊತ್ತಿಗೆ ಹೋಯಿತು. ಮರುದಿನ ಮತ್ತೆ ಬಂತು. ವಾರವೆಲ್ಲ ಹೀಗೇ ನಡೆದ ಮೇಲೆ, ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಸುಮ್ಮನೆ ಮಾತಿಗೆ ಹೇಳಿದ ಹಾಗೆ ಹೇಳಿದೆ.

"ಅವ್ವಾ, ಯಾಕೋ ಎದಿ ಉರಿಯಾಕತ್ತೈತಿ."

ಅವ್ವ ಬಡಿಯುತ್ತಿದ್ದ ಕೈ ನಿಲ್ಲಿಸಿದಳು. ಹೆಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು. ಹೇಳಬಾರದಿತ್ತು ಅಂತ ನನಗೆ ಆಗಲೇ ಗೊತ್ತಾಯಿತು.

ಯಾಕೆ ಹೇಳಬಾರದಿತ್ತು ಅಂದರೆ, ನನ್ನಪ್ಪ ಹೋದದ್ದು ಹಾಗೆ. ಆಗ ನಾವು ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ಒಂದು ಮಧ್ಯಾಹ್ನ ಉಂಡೆದ್ದ ಅಪ್ಪ ಎದೆ ಉರಿಯುತ್ತಿದೆ ಅಂದರಂತೆ. ಅವ್ವ ಅಜವಾನ ಕುದಿಸಿದ ನೀರು ಕೊಟ್ಟು, ಗ್ಯಾಸ್ ಆಗಿದೆ, ಸ್ವಲ್ಪ ಅಡ್ಡಾಗಿ ಅಂದಳಂತೆ. ಅಡ್ಡಾದವರು ಏಳಲಿಲ್ಲ. ನಾನು ಕಾಲೇಜಿನಿಂದ ಬಂದಾಗ ಬಾಗಿಲ ಮುಂದೆ ಊರವರ ಚಪ್ಪಲಿಗಳ ರಾಶಿ ಬಿದ್ದಿತ್ತು. ಸೇವೆಯಲ್ಲಿರುವಾಗಲೇ ತೀರಿಕೊಂಡರು ಅಂತ ಅನುಕಂಪದ ಮೇಲೆ ಅಪ್ಪನ ಇಲಾಖೆಯಲ್ಲೇ ನನಗೆ ಕೆಲಸ ಸಿಕ್ಕಿತು. ಮದುವೆ ಆಗಲಿಲ್ಲ, ಅದಕ್ಕೆ ಕಾರಣ ಹುಡುಕುವ ಕೆಲಸವನ್ನು ನೆಂಟರಿಗೆ ಬಿಟ್ಟುಕೊಟ್ಟಿದ್ದೇನೆ. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಹೊಟ್ಟೆಯುಬ್ಬರಕ್ಕೆ 'ಗ್ಯಾಸ್' ಅನ್ನುವುದಿಲ್ಲ. ಬಂದ ನೆಂಟರು ತೇಗಿ ಆ ಮಾತಾಡಿದರೂ ಅವ್ವ ಎದ್ದು ಒಳಗೆ ಹೋಗುತ್ತಾಳೆ.

ಮರುದಿನವೇ ನನ್ನನ್ನು ಹೃದಯದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಇಸಿಜಿ ಆಯಿತು, ಎಕೋ ಆಯಿತು. ಓಡುವ ಪಟ್ಟಿಯ ಮೇಲೆ ನಿಲ್ಲಿಸಿ ಓಡಿಸಿದರು. ಸೀರೆ ಬಿಟ್ಟು ಚೂಡಿದಾರ ಹಾಕಿಕೊಂಡು, ನಲವತ್ತೇಳರ ವಯಸ್ಸಿನಲ್ಲಿ, ಯಾರೂ ಅಟ್ಟಿಸಿಕೊಂಡು ಬರದೆ ನಾನು ಓಡಿದೆ. ಎಲ್ಲವೂ ಸರಿಯಾಗಿದೆ, ಹೊಟ್ಟೆಯ ಡಾಕ್ಟರಿಗೆ ತೋರಿಸಿ ಅಂದರು. ನನಗೆ ಸಿಟ್ಟೂ ಬಂತು, ಸಮಾಧಾನವೂ ಆಯಿತು. ಅವ್ವನಿಗೆ ಎರಡೂ ಆಗಲಿಲ್ಲ.

"ನಿಮ್ಮಪ್ಪಗೂ ಹಿಂದಿನ ತಿಂಗಳಾ ಎಲ್ಲಾ ಚೆಕ್ ಮಾಡಿ ಛಲೋ ಐತಿ ಅಂದಿದ್ರು," ಅಂದಳು.

ಹೊಟ್ಟೆಯ ಡಾಕ್ಟರು ಒಬ್ಬ ಹೆಂಗಸು, ತೆಲುಗಿನವರು, ನನಗಿಂತ ಚಿಕ್ಕವರು. ಅವರು ನಮ್ಮ ಜೊತೆ ಆಡಿದ್ದೆಲ್ಲ ತೆಲುಗೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎಂಡೋಸ್ಕೋಪಿ ಮಾಡಿ ನೋಡೋಣ ಅಂದರು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹೋದೆ. ಗಂಟಲಿಗೆ ಕಹಿಯಾದ ಔಷಧಿ ಚಿಮುಕಿಸಿದರು. ನಾಲಿಗೆ ಬೇರೆಯವರದು ಅನ್ನಿಸತೊಡಗಿತು. ಎಡಕ್ಕೆ ಮಗ್ಗುಲಾಗಿಸಿ, ಬಾಯಿಗೆ ಪ್ಲಾಸ್ಟಿಕ್ಕಿನ ಬಳೆಯಂಥದ್ದು ಕಚ್ಚಿಸಿ, ಅದರೊಳಗಿಂದ ಕೊಳವೆ ಇಳಿಸಿದರು. ಕಣ್ಣಲ್ಲಿ ಮೂಗಲ್ಲಿ ನೀರು, ಒಂದರ ಮೇಲೊಂದು ತೇಗು. ನರ್ಸು ತಲೆ ಸವರುತ್ತ, ಆಯಿತು ಅಕ್ಕಾ, ಆಯಿತು ಅನ್ನುತ್ತಲೇ ಇದ್ದಳು. ಏನೂ ಆಗಿರಲಿಲ್ಲ, ಇನ್ನೂ ಅರ್ಧವೂ ಒಳಗೆ ಹೋಗಿರಲಿಲ್ಲ.

ಆಮೇಲೆ ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಎದೆಗೂ ಹೊಟ್ಟೆಗೂ ನಡುವೆ ಮಾಂಸದ ಒಂದು ಪರದೆ ಇರುತ್ತದೆ. ಅನ್ನನಾಳ ಹಾದುಹೋಗುವುದಕ್ಕೆ ಅದರಲ್ಲಿ ಒಂದು ಕಂಡಿ. ನನ್ನದು ಆ ಕಂಡಿ ಸಡಿಲಾಗಿ, ಜಠರದ ಮೇಲ್ತುದಿ ಸ್ವಲ್ಪ ಮೇಲಕ್ಕೆ ಜಾರಿದೆ. ಅದಕ್ಕೆ ಹಯಾಟಸ್ ಹರ್ನಿಯಾ ಅನ್ನುತ್ತಾರೆ. ಅಲ್ಲಿನ ಬಾಗಿಲು ಬಿಗಿಯಾಗಿ ಮುಚ್ಚುವುದಿಲ್ಲ, ಕೆಳಗಿನ ಆಮ್ಲ ಮೇಲೆ ಬರುತ್ತದೆ, ಅದೇ ಉರಿ. ಸಣ್ಣದು, ಭಯಪಡುವಂಥದ್ದಲ್ಲ.

ಅವ್ವ ಚಿತ್ರವನ್ನು ದಿಟ್ಟಿಸಿ ನೋಡಿ ನನ್ನ ಕಡೆ ತಿರುಗಿದಳು. "ಹೊಟ್ಟಿ ಎದಿಯಾಗ ಏರೈತಿ ಅಂದಮ್ಯಾಲೆ ಎದಿಗೇ ಬಂತಲ್ಲಬೇ ಮತ್ತ?"

ಈ ಮಾತಿಗೆ ಉತ್ತರ ಇದೆ ಅಂತ ನನಗೆ ಗೊತ್ತಿತ್ತು. ಕೊಡುವ ತಾಳ್ಮೆ ಇರಲಿಲ್ಲ.

ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಮಾತ್ರೆ, ಖಾರ ಹುಳಿ ಚಹಾ ಕಡಿಮೆ, ರಾತ್ರಿಯೂಟ ಬೇಗ, ಉಂಡ ಕೂಡಲೆ ಮಲಗಬಾರದು, ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಿಗೆ. ಅವರು ಹೇಳಿದ್ದು ಇಷ್ಟು. ಅವ್ವ ಮಾಡಿದ್ದು ಇದರ ಹತ್ತು ಪಟ್ಟು. ವರ್ಷಾವರ್ಷ ಬೇಗಂ ಬಜಾರಿಗೆ ಹೋಗಿ, ಬ್ಯಾಡಗಿ ಮೆಣಸಿನಕಾಯಿಯನ್ನು ಮೂಸಿ ಮುರಿದು ನೋಡಿ, ವ್ಯಾಪಾರಿಗಳ ಜೀವ ತಿಂದು ತರುತ್ತಿದ್ದವಳು ಆ ವರ್ಷ ಹೋಗಲೇ ಇಲ್ಲ. ಹುಳಿಸೊಪ್ಪಿನ ಪುಂಡಿಪಲ್ಯ ನಿಂತಿತು, ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ ನಿಂತಿತು, ಒಗ್ಗರಣೆಯ ಬೆಳ್ಳುಳ್ಳಿಯೂ ನಿಂತಿತು. ಆಫೀಸಿನ ಡಬ್ಬಿ ತೆರೆದರೆ ಬಿಳಿ ಅನ್ನ, ಬಿಳಿ ಮಜ್ಜಿಗೆ, ಬೇಯಿಸಿದ ಸೋರೆಕಾಯಿ. ಜೊತೆಗೆ ಉಣ್ಣುವವರು ನೋಡಿ, ಬಾಣಂತನಾನಾ ಅಕ್ಕಾ ಅಂತ ತಮಾಷೆ ಮಾಡುತ್ತಿದ್ದರು.

ಮಾತ್ರೆಯಿಂದ ಉರಿ ಕಡಿಮೆಯಾಯಿತು, ಹೋಗಲಿಲ್ಲ. ಹೋಗದ್ದಕ್ಕಿಂತ ಕೆಟ್ಟದ್ದು ಅದು ಯಾವಾಗ ಬರುತ್ತದೆ ಅನ್ನುವ ಕಾಯುವಿಕೆ. ಕೂತರೆ ಹೊಟ್ಟೆ ಒತ್ತುತ್ತದೆ ಅಂತ ಎದ್ದು ನಿಲ್ಲುತ್ತಿದ್ದೆ, ನಿಂತರೆ ಕಾಲು ಸೋಲುತ್ತಿತ್ತು. ಲಂಗದ ಲಾಡಿ ಸಡಿಲ ಮಾಡಿಕೊಂಡು ಸೀರೆ ಜಾರುತ್ತದೆಂದು ಒಂದು ಕೈಯಲ್ಲಿ ಹಿಡಿದು ಓಡಾಡುತ್ತಿದ್ದೆ. ನಾನು ಓಡಾಡಿದರೆ ಅವ್ವ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಗಂಟಲು ಸರಿಮಾಡಿಕೊಂಡರೆ ಮಿಕ್ಸಿ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಸ್ನಾನಕ್ಕೆ ಹೋದರೆ ಚಿಲಕ ಹಾಕಬೇಡ ಅನ್ನುತ್ತಿದ್ದಳು. ಭಾನುವಾರ ಮಧ್ಯಾಹ್ನ ಒಂದು ಗಳಿಗೆ ಮಂಚಕ್ಕೆ ಬೆನ್ನು ಹಚ್ಚಿದರೆ ಸಾಕು, ಭುಜ ಹಿಡಿದು ಅಲುಗಾಡಿಸುತ್ತಿದ್ದಳು.

"ಏನ್ ಬೇ ಅವ್ವಾ, ಸತ್ತಿಲ್ಲ ನಾ!" ಅಂತ ಒಮ್ಮೆ ಕಿರುಚಿಬಿಟ್ಟೆ.

"ಬಿಡ್ತು ಅನ್ನು," ಅಂದಳು. ಮತ್ತೆ ಅಲ್ಲೇ ಕೂತಳು.

ಅವಳ ಮೇಲೆ ನನಗೆ ಬರುತ್ತಿದ್ದ ಸಿಟ್ಟಿನಲ್ಲಿ ಅರ್ಧ ಹೆದರಿಕೆಯೇ ಇತ್ತು. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ ಅಂತ ಅವಳನ್ನು ಆಡಿಕೊಳ್ಳುತ್ತಿದ್ದವಳು, ಆಫೀಸಿನಲ್ಲಿ ಉರಿ ಬಂದಾಗ ಎಡಗೈ ನೋಯುತ್ತಿದೆಯೇ ಅಂತ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದೆ. ಅಷ್ಟು ಸಲ ಒತ್ತಿದ ಕೈ ನೋಯದೆ ಇರುತ್ತದೆಯೇ? ನಾನು ಅಪ್ಪನ ಹಾಗೆ ಹೋಗುವವಳಲ್ಲ ಅನ್ನುವುದು ಯಾರಾದರೂ ನಮ್ಮಿಬ್ಬರಿಗೂ ಕಾಣುವ ಹಾಗೆ ತೋರಿಸಿಕೊಡಬೇಕಿತ್ತು. ಇಲ್ಲದಿದ್ದರೆ ಅವ್ವ ಹೀಗೇ ನನ್ನ ಮುಂದೆ ಕೂತು ಕೂತು ಸವೆಯುತ್ತಾಳೆ, ಅವಳನ್ನು ನೋಡಿ ನೋಡಿ ನಾನು.

ಡಾಕ್ಟರಮ್ಮ ಇನ್ನೊಂದು ಪರೀಕ್ಷೆ ಹೇಳಿದರು. ಒಂದು ವಾರ ಮಾತ್ರೆ ನಿಲ್ಲಿಸಬೇಕು. ಆಮೇಲೆ ಮೂಗಿನಿಂದ ದಾರದಷ್ಟು ಸಣ್ಣ ಕೊಳವೆ ಇಳಿಸಿ ಒಂದು ಹಗಲು ಒಂದು ರಾತ್ರಿ ಹಾಗೇ ಬಿಡುತ್ತಾರೆ. ಅದರ ಇನ್ನೊಂದು ತುದಿ ಹೆಗಲಿಗೆ ತೂಗುಹಾಕುವ ಪುಟ್ಟ ಯಂತ್ರಕ್ಕೆ. ಆಮ್ಲ ಯಾವಾಗ ಮೇಲೆ ಬಂತು ಅಂತ ಯಂತ್ರ ತಾನೇ ದಾಖಲು ಮಾಡಿಕೊಳ್ಳುತ್ತದೆ; ಉರಿ ಬಂದಾಗ ನಾವು ಗುಂಡಿ ಒತ್ತಬೇಕು. ಎರಡೂ ಒಂದೇ ಹೊತ್ತಿಗೆ ಬಂದರೆ ಉರಿ ಆಮ್ಲದ್ದೇ. ಬರದಿದ್ದರೆ ಬೇರೆ ಕಾರಣ ಹುಡುಕಬೇಕು. ಮಾತ್ರೆ ಬದಲಿಸುವುದೋ ಆಪರೇಷನ್ನಿಗೆ ಯೋಚಿಸುವುದೋ ಅನ್ನುವುದು ಆಮೇಲಿನ ಮಾತು. ದಿನಾ ಇರುವ ಹಾಗೇ ಇರಿ ಅಂದರು.

ದಿನಾ ಇರುವ ಹಾಗೇ ಇರಿ ಅಂತ ರೈಲ್ವೆ ಕ್ವಾರ್ಟರ್ಸಿನಲ್ಲಿ ಬದುಕಿದವರಿಗೆ ಹೇಳಬಾರದು. ದೊಡ್ಡ ಸಾಹೇಬರ ಇನ್ಸ್‌ಪೆಕ್ಷನ್ ಅಂದರೆ ಸ್ಟೇಷನ್ನಿನ ಬೆಂಚಿಗೆ ಬಣ್ಣ, ಗಿಡದ ಬುಡಕ್ಕೆ ಸುಣ್ಣ, ಬೆಂಕಿ ಆರಿಸುವ ಕೆಂಪು ಬಕೆಟ್ಟಿಗೆ ಹೊಸ ಮರಳು. ಸಾಹೇಬರು ಕ್ವಾರ್ಟರ್ಸಿನ ಕಡೆ ಹಾಯುತ್ತಾರೆಂದು ಸುದ್ದಿ ಬಂದರೆ ಹೆಂಗಸರು ಒಣಹಾಕಿದ ಬಟ್ಟೆಯನ್ನೂ ಒಳಗೆ ತರುತ್ತಿದ್ದರು. ಯಾರಾದರೂ ಪರೀಕ್ಷೆ ಮಾಡಲು ಬಂದರೆ ಚೊಕ್ಕ ಮಾಡಿ ತೋರಿಸುವುದು ಅವ್ವನಿಗೆ ರಕ್ತದಲ್ಲಿ ಬಂದದ್ದು. ನನಗೂ.

ಮೂಗಿನ ಕೊಳವೆಯನ್ನು ಕೆನ್ನೆಗೆ ಅಂಟಿಸಿಕೊಂಡು ಮನೆಗೆ ಬಂದ ದಿನ ಅವ್ವ ನುಚ್ಚಿನ ಗಂಜಿ ಮಾಡಿದಳು, ಉಪ್ಪು ಕೂಡ ಬೆರಳ ತುದಿಯಷ್ಟು. ಸಂಜೆಗೆ ತಿಳಿಮಜ್ಜಿಗೆ ಅನ್ನ. ನಾನು ರಜೆ ಹಾಕಿ, ಫೋಟೋ ತೆಗೆಸುವವಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಕುರ್ಚಿಯಲ್ಲಿ ಕೂತೆ. ಬಗ್ಗಲಿಲ್ಲ, ಅಡ್ಡಾಗಲಿಲ್ಲ, ರಾತ್ರಿ ಗೋಡೆಗೆ ದಿಂಬು ಒಟ್ಟಿ ಒರಗಿಕೊಂಡೆ. ಅವ್ವ ಯಂತ್ರಕ್ಕೆ ದೃಷ್ಟಿಯಾಗಬಾರದು ಅನ್ನುವ ಹಾಗೆ ಒಂದು ಒಗೆದ ಟವೆಲು ಹೊದಿಸಿದ್ದಳು. ನಿಜವಾದ ಉರಿ ಬರಲೇ ಇಲ್ಲ. ಆದರೆ ಎದೆಯಲ್ಲಿ ಏನೋ ಹಿಡಿದ ಹಾಗೆ, ಏನೋ ಮಿಡಿದ ಹಾಗೆ ಅನ್ನಿಸಿದಾಗಲೆಲ್ಲ ಗುಂಡಿ ಒತ್ತಿದೆ. ಅದು ಬರೀ ಪುಕ್ಕಲುತನ ಅಂತ ನನಗೇ ಅನುಮಾನ ಇತ್ತು.

ವರದಿ ಬಂತು. ಡಾಕ್ಟರಮ್ಮ ಪರದೆಯ ಮೇಲಿನ ಗೆರೆಗಳನ್ನು ಹಿಂದೆ ಮುಂದೆ ಸರಿಸಿದರು. ಆಮ್ಲ ಮೇಲೆ ಬಂದೇ ಇಲ್ಲ ಅನ್ನುವಷ್ಟು ಕಡಿಮೆ. ನೀವು ಗುಂಡಿ ಒತ್ತಿದಾಗ ಒಂದು ಸಲವೂ ಆಮ್ಲ ಇರಲಿಲ್ಲ. ಇದು ಆಮ್ಲದ ನೋವಲ್ಲವೋ ಏನೋ. ಯಾವುದಕ್ಕೂ ಹೃದಯದವರಿಗೆ ಇನ್ನೊಮ್ಮೆ ತೋರಿಸಿ ಅಂದರು.

ಅವ್ವನಿಗೆ ತೆಲುಗು ನನಗಿಂತ ಚೆನ್ನಾಗಿ ಬರುತ್ತದೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಚೀಲ ಎತ್ತಿಕೊಂಡು ಎದ್ದು ನಿಂತು, "ನಡಿ, ಈಗ ಹೋಗೂಣು ಅವರ ಕಡೆ," ಅಂದಳು. ಆ ಒಂದು ನಿಮಿಷ ನಾನು ಸಾಯುತ್ತೇನೆ ಅಂತಲೇ ನಂಬಿದೆ.

ಆಗ ಡಾಕ್ಟರಮ್ಮ ಮಾತಿಗೆ ಕೇಳಿದ ಹಾಗೆ ಕೇಳಿದರು, ಆ ದಿನ ಊಟಕ್ಕೆ ಏನು?

ಅವ್ವ ಬಾಗಿಲ ಹತ್ತಿರದಿಂದಲೇ ಹೆಮ್ಮೆಯಿಂದ ಹೇಳಿದಳು. ಗಂಜಿ, ಮಜ್ಜಿಗೆ. ಒಂದು ಕಾಳು ಖಾರ ಹಾಕಿಲ್ಲ. ಪರೀಕ್ಷೆ ಅಂದಮೇಲೆ ಪಥ್ಯ ಬೇಡವೇ? ಮಲಗಲೂ ಬಿಟ್ಟಿಲ್ಲ.

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಪರೀಕ್ಷೆ ವ್ಯರ್ಥವಾಯಿತು, ಮತ್ತೆ ಮಾಡಬೇಕು, ಈ ಸಲ ಮೊದಲು ಹೇಗೆ ತಿನ್ನುತ್ತಿದ್ದರೋ ಹಾಗೆ ತಿನ್ನಲಿ, ಹೇಗೆ ಮಲಗುತ್ತಿದ್ದರೋ ಹಾಗೆ ಮಲಗಲಿ, ನೋವು ಬಂದರೆ ಬರಲಿ ಅಂದರು.

ಅವ್ವ ಕನ್ನಡಕ್ಕೆ ತಿರುಗಿದಳು. ಸಿಟ್ಟು ಬಂದರೆ ಅವಳಿಗೆ ಬೇರೆ ಭಾಷೆ ಒದಗುವುದಿಲ್ಲ. "ನೋವು ಬರೂ ಹಂಗ ನನ್ನ ಕೈಯಾರೆ ಉಣಿಸ್ಲೇನು ಇಕಿಗೆ? ಒಮ್ಮೆ ಉಣಿಸಿದ್ದು ಸಾಲ್ದೇನು?"

ಡಾಕ್ಟರಮ್ಮನಿಗೆ ಮಾತು ತಿಳಿಯಲಿಲ್ಲ. ನನಗೆ ತಿಳಿಯಿತು, ಆದರೆ ಪೂರ್ತಿ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ಎರಡನೆಯ ಸಲ ಕೊಳವೆ ಹಾಕಿಸಿಕೊಂಡು ಬಂದಾಗ ಅಡುಗೆಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಅವ್ವ ಕಾಲು ಚಾಚಿ ನೆಲದ ಮೇಲೆ ಕೂತು ಗೋಡೆ ನೋಡುತ್ತಿದ್ದಳು. ನಾನು ಚಪ್ಪಲಿ ಮೆಟ್ಟಿ, ರಸ್ತೆಯ ಮೂಲೆಯ ಬಂಡಿಯಲ್ಲಿ ಮಿರ್ಚಿ ಬಜ್ಜಿ ತಿಂದು ಬರುತ್ತೇನೆ ಅಂದೆ. ಮೂಗಿನಲ್ಲಿ ಕೊಳವೆ, ಹೆಗಲಲ್ಲಿ ಯಂತ್ರ, ನಾನು ಹೋಗುವವಳೇ. ನನ್ನ ಹಟ ಅವಳಿಂದಲೇ ಬಂದದ್ದು, ಅವಳಿಗೂ ಗೊತ್ತು.

"ಯಾರ‍್ದೋ ಸುಟ್ಟ ಎಣ್ಣಿ ತಿನಬ್ಯಾಡ, ಕೂಡು," ಅಂತ ಎದ್ದಳು.

ಆ ಮಧ್ಯಾಹ್ನ ಎಷ್ಟೋ ತಿಂಗಳ ಮೇಲೆ ನಮ್ಮ ಮನೆಯಲ್ಲಿ ಒಗ್ಗರಣೆಯ ಘಾಟು ಎದ್ದಿತು. ಪುಂಡಿಪಲ್ಯಕ್ಕೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ. ಬಿಸಿ ರೊಟ್ಟಿ, ಹಿಂಡಿಯ ಮೇಲೆ ಹಸಿ ಎಣ್ಣೆ, ಹೆಚ್ಚಿದ ಉಳ್ಳಾಗಡ್ಡಿ. ಪಕ್ಕದ ಮನೆಯಾಕೆ ಕಿಟಕಿಯಿಂದಲೇ ಸೀನಿದಳು. ಅವ್ವ ಬಡಿಸುವಾಗ ನನ್ನ ಮುಖ ನೋಡಲಿಲ್ಲ. ನಾನು ಉಂಡೆ. ಎಂಥ ರುಚಿ! ಕೊಳವೆ ಗಂಟಲಿಗೆ ಉಜ್ಜುತ್ತಿತ್ತು, ಪ್ರತಿ ತುತ್ತಿಗೂ ಕಣ್ಣಲ್ಲಿ ನೀರು, ಆದರೂ ಮತ್ತೊಂದು ರೊಟ್ಟಿ ಹಾಕಿಸಿಕೊಂಡೆ. ಉಂಡ ಮೇಲೆ ಇಟ್ಟಿಗೆ ತೆಗೆಸಿದ ಮಂಚದ ಮೇಲೆ, ಹಿಂದೆ ಮಲಗುತ್ತಿದ್ದ ಹಾಗೆ, ಚಪ್ಪಟೆಯಾಗಿ ಮಲಗಿದೆ.

"ಅಡ್ಡ ಆಗಬ್ಯಾಡ," ಅಂದಳು ಅವ್ವ.

"ಡಾಕ್ಟರ್ ಹೇಳ್ಯಾರ ಬೇ."

"ಉಂಡಕೂಡ್ಲೆ ಅಡ್ಡ ಆಗಬ್ಯಾಡ, ನಿನ್ನ ಕಾಲ ಬೀಳ್ತೀನಿ."

ನಾನು ಏಳಲಿಲ್ಲ. ಅವಳು ಮಂಚದ ಅಂಚಿಗೆ ಬಂದು ಕೂತಳು. ಈ ಸಲ ಯಂತ್ರ ಟವೆಲಿನಡಿ ಇರಲಿಲ್ಲ, ನಮ್ಮಿಬ್ಬರ ನಡುವೆ ಹಾಸಿಗೆಯ ಮೇಲಿತ್ತು. ಅದರ ಪುಟ್ಟ ಗಾಜಿನಲ್ಲಿ ಒಂದು ಅಂಕಿ ಕಾಣುತ್ತದೆ, ಅದು ನಾಲ್ಕರ ಕೆಳಗೆ ಇಳಿದರೆ ಆಮ್ಲ ಮೇಲೆ ಬಂದಿದೆ ಅಂತ ಕೊಳವೆ ಹಾಕಿದ ಹುಡುಗಿ ಹೇಳಿದ್ದಳು. ಅವ್ವನಿಗೂ ಹೇಳಿದೆ. ಅವಳು ಹಾಲಿನ ಪಾತ್ರೆ ಕಾಯುವ ಹಾಗೆ ಅದನ್ನೇ ನೋಡುತ್ತ ಕೂತಳು.

ಉರಿ ಬಂತು. ಮರೆತಿದ್ದೆನಲ್ಲ ಇದನ್ನು ಅನ್ನುವಂಥ ಉರಿ. ಎದೆಯ ಎಲುಬಿನ ಹಿಂದಿನಿಂದ ಗಂಟಲ ಬುಡದವರೆಗೆ ಮೆಣಸಿನಕಾಯಿ ಅರೆದು ಬಳಿದ ಹಾಗೆ. ಗುಂಡಿ ಒತ್ತಿದೆ.

"ಎರಡು ಆತು," ಅಂದಳು ಅವ್ವ. ಅವಳ ದನಿ ಗುಸುಗುಸು ಆಗಿತ್ತು. "ಆರು ಇತ್ತು, ಎರಡು ಆತು."

"ಅದಾ ನೋಡು ಆಸಿಡ್."

"ಏಳು, ಎದ್ದು ಕೂಡು."

ಎದ್ದು ಕೂತೆ. ನೀರು ಕೊಟ್ಟಳು. ಸ್ವಲ್ಪ ಹೊತ್ತಿಗೆ ಉರಿ ತಗ್ಗಿತು, ಅಂಕಿ ಏರಿತು. ಅವ್ವ ಅದನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಮತ್ತೆ ಮಲಗಿದೆ. ಮತ್ತೆ ಉರಿ, ಮತ್ತೆ ಅಂಕಿ ಕೆಳಗೆ. ಈ ಸಲ ಅವಳು ಏಳು ಅನ್ನಲಿಲ್ಲ. ಗಾಜಿನ ಮೇಲೆ ಬೆರಳಿಟ್ಟುಕೊಂಡು ಹಾಗೇ ಕೂತಿದ್ದಳು.

ಗೆದ್ದೆ ಅಂದುಕೊಂಡೆ. "ನೋಡಿದಿಲ್ಲೋ ಈಗರೆ? ಎಷ್ಟು ತಿಂಗಳಾತು ಬಡಕೊಳ್ಳಾಕತ್ತು! ನಾ ಹೇಳಿದ್ರ ಯಾಕ ನಂಬಲಿಲ್ಲ ನೀ?"

"ಅವರು ಹೇಳಿದ್ರು," ಅಂದಳು ಅವ್ವ.

"ಯಾರು?"

"ನಿಮ್ಮಪ್ಪ. ಅಜವಾನದ ನೀರು ಕುಡದು, ಇದು ಗ್ಯಾಸ್ ಅಲ್ಲ ಅಂದ್ರು. ದಿನದ್ದಲ್ಲ ಇದು, ಬ್ಯಾರೆ ಐತಿ, ನನಗ ಗೊತ್ತಾಗ್ತೈತಿ ಅಂದ್ರು. ಎರಡು ಸಲ ಅಂದ್ರು. ನಾ ಅಂದೆ, ನಿಮಗ ಎಲ್ಲಾದಕೂ ಗಾಬರಿ, ಸುಮ್ಮ ಅಡ್ಡಾಗ್ರಿ ಅಂದೆ." ಅವಳು ಅಂಕಿಯಿಂದ ಕಣ್ಣು ತೆಗೆದಿರಲಿಲ್ಲ. "ಅವರು ಅಲ್ಲ ಅಂದಾಗ ನಂಬಲಿಲ್ಲ. ಈಗ ನೀ ಹೌದು ಅಂದ್ರ ಹೆಂಗ ನಂಬ್ಲಿ?"

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ನನಗೆ ಇದು ಗೊತ್ತಿರಲಿಲ್ಲ. ನಾನು ಅತ್ತೆ. ಮೂಗಿನಲ್ಲಿ ಕೊಳವೆ ಇಟ್ಟುಕೊಂಡು ಅಳುವುದು ಬಹಳ ಕಷ್ಟ. ಅವ್ವ ಅಳಲಿಲ್ಲ, ಕೊಳವೆ ಕಿತ್ತುಬಂದೀತು ಅಂತ ಕೆನ್ನೆಯ ಅಂಟುಪಟ್ಟಿಯನ್ನು ಹೆಬ್ಬೆರಳಿಂದ ಒತ್ತಿ ಹಿಡಿದಳು. ಆಗ ಯಾರಿಗೂ ಗೊತ್ತಾಗುತ್ತಿರಲಿಲ್ಲ ಅಂತ ಏನೋ ತೊದಲಿದೆ. ಅದು ಅವಳಿಗೆ ತಲುಪಲಿಲ್ಲ, ತಲುಪುವಂಥ ಮಾತೂ ಅಲ್ಲ.

ಈ ಸಲದ ವರದಿಯಲ್ಲಿ ನಾನು ಒತ್ತಿದ ಗುಂಡಿಗೂ ಆಮ್ಲಕ್ಕೂ ತಾಳೆಯಾಯಿತು. ಹೃದಯದವರ ಹತ್ತಿರ ಹೋಗಬೇಕಿಲ್ಲ, ಆಪರೇಷನ್ ಸದ್ಯಕ್ಕೆ ಬೇಡ ಅಂದರು ಡಾಕ್ಟರಮ್ಮ. ಮಾತ್ರೆ ಬದಲಾಯಿತು, ಇಟ್ಟಿಗೆ ಮತ್ತೆ ಮಂಚದ ಕೆಳಗೆ ಹೋಯಿತು. ಖಾರ ಪೂರ್ತಿ ಬಿಡಬೇಕಿಲ್ಲ, ಯಾವುದು ನಿಮಗೆ ಕಾಡುತ್ತದೋ ಅದನ್ನು ಬಿಡಿ ಅಂದರು. ಕೊನೆಗೆ, ನೋವಿನ ರೀತಿ ಬೇರೆ ಅನ್ನಿಸಿದರೆ, ಬೆವರು, ಕೈನೋವು, ಉಸಿರು ಕಟ್ಟುವುದು ಇದ್ದರೆ, ಇದು ಅದೇ ಉರಿ ಅಂತ ಕೂರದೆ ತಕ್ಷಣ ಬನ್ನಿ ಅಂತಲೂ ಹೇಳಿದರು. ಅವ್ವ ಆ ಮಾತಿಗೆ ಮಾತ್ರ ತಲೆಯಾಡಿಸಿದಳು.

ಆಸ್ಪತ್ರೆಯಿಂದ ಆಟೋದಲ್ಲಿ ಬರುವಾಗ ರಸ್ತೆ ಅಗೆದು ಹಾಕಿದ್ದರು. ಒಂದು ದೊಡ್ಡ ಗುಂಡಿಯಲ್ಲಿ ಆಟೋ ಇಳಿದು ಎದ್ದಾಗ ಎದೆಯಲ್ಲಿ ಚುರ್ ಅಂದು ನನ್ನ ಕೈ ತಾನಾಗಿಯೇ ಅಲ್ಲಿಗೆ ಹೋಯಿತು. ಅವ್ವ ನೋಡಿಬಿಟ್ಟಳು. ಆಟೋ ತಿರುಗಿಸು ಅನ್ನುತ್ತಾಳೆ ಅಂತ ನಾನು ಹಲ್ಲು ಕಚ್ಚಿ ಕಾದೆ.

"ಏನ ಅನಸ್ತೈತಿ ನಿನಗ?" ಅಂತ ಕೇಳಿದಳು.

ಅಷ್ಟು ತಿಂಗಳಲ್ಲಿ ಅವಳು ಇದನ್ನು ಕೇಳಿದ್ದು ಅದೇ ಮೊದಲು. ನಾನು ಒಂದು ಗಳಿಗೆ ಸರಿಯಾಗಿ ಒಳಗೆ ಕಿವಿಗೊಟ್ಟು ನೋಡಿ ಹೇಳಿದೆ. "ಉರಿ ಅವ್ವಾ. ದಿನದ್ದಾ."

"ಹೂಂ," ಅಂದಳು. ಹೊರಗೆ ರಸ್ತೆ ನೋಡತೊಡಗಿದಳು. ಆದರೆ ನನ್ನ ಮಣಿಕಟ್ಟು ಹಿಡಿದುಕೊಂಡು ನಾಡಿಯ ಮೇಲೆ ಎರಡು ಬೆರಳು ಇಟ್ಟವಳು, ಮಲ್ಕಾಜ್‌ಗಿರಿ ಬರುವವರೆಗೂ ತೆಗೆಯಲಿಲ್ಲ.